ಪಂಡಿತಾ ರಮಾಬಾಯಿಯವರೂ ಕ್ರೈಸ್ತ ಮತದ ಮೂಲತತ್ತ್ವಗಳೂ

ಪುಣೆಯಿಂದ ಸೊಲ್ಲಾಪುರ, ಕಲಬುರಗಿಗಳ ಮಾರ್ಗವಾಗಿ ಊರಿಗೆ ಹೋಗುವ ನಮ್ಮವರೆಲ್ಲರೂ ದೌಂಡ್ ಜಂಕ್ಷನ್ನಿಗಿಂತ ಸ್ವಲ್ಪ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವೊಂದನ್ನು ದಾಟಿ ಹೋಗುತ್ತಾರೆ. ಮಕ್ಕಳನ್ನು ಕಿಟಕಿಯ ಪಕ್ಕಕ್ಕೆ ಕೂಡಿಸಿ, ಬುತ್ತಿಯ ಗಂಟು ಬಿಚ್ಚುವ ಗಡಿಬಿಡಿಯಲ್ಲಿ ಆ ಹೆಸರಿನ ಹಲಗೆ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ಆ ಊರಿನಲ್ಲಿ ಕನ್ನಡನಾಡಿನ ಕಾಡಿನಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬರು ಸಾವಿರಾರು ಅನಾಥೆಯರಿಗೆ ತಾಯಿಯಾಗಿ ಬಾಳಿ, 1922ನೆಯ ಇಸವಿ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಅವರೇ ಪಂಡಿತಾ ರಮಾಬಾಯಿ.

ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಅವರು ನಮ್ಮ ನಾಡಿನವರು. ಎರಡನೆಯದು, ನಮ್ಮ ನೆರೆಯಲ್ಲಿಯೇ ಇರುವ ಒಂದು ಮತವನ್ನು ಅರಿಯಲು ಅವರ ಜೀವನಕ್ಕಿಂತ ಒಳ್ಳೆಯ ಕೈದೀವಿಗೆ ನಮಗೆ ದೊರೆಯಲಾರದು. ವಿಮಾನ ನಗರದಿಂದ ಕೂಗಳತೆಯ ದೂರದ ರಾಮವಾಡಿಯಲ್ಲಿ ಜ್ಞಾನದೀಪ ವಿದ್ಯಾಪೀಠವಿದೆ. 1893ರಲ್ಲಿ ಸಿಂಹಳದ ಕ್ಯಾಂಡಿಯಲ್ಲಿ ಸ್ಥಾಪಿತವಾದ ಕ್ಯಾಥೊಲಿಕ್ ಗುರುಮಠವು 1955ರಲ್ಲಿ ಇಲ್ಲಿಗೆ ಬಂದು ನೆಲೆಸಿತು. ಗುರುಪಟ್ಟಕ್ಕೆ ಸಿದ್ಧರಾಗುವ ತರುಣರು ಅಲ್ಲಿ ವರ್ಷಗಟ್ಟಲೆ ಮತತತ್ತ್ವಗಳನ್ನು ಅಧ್ಯಯನ ಮಾಡುತ್ತಾರೆ. ನಾವೋ ಆ ಗೋಡೆಯ ಪಕ್ಕದಲ್ಲಿಯೇ ದಿನಬೆಳಗಾದರೆ ಓಡಾಡುತ್ತಿದ್ದರೂ, ಒಳಗೆ ಕಲಿಸುವುದೇನೆಂದು ಕೇಳಿದವರಲ್ಲ. ಡಿಸೆಂಬರ್ ತಿಂಗಳಲ್ಲಿ ನೆರೆಮನೆಯವರು ಕೊಡುವ ಕೇಕನ್ನು ಸಂತೋಷದಿಂದ ತಿನ್ನುತ್ತೇವೆ. ಅವರ ನಂಬಿಕೆಯೇನೆಂದು ಮಕ್ಕಳು ಕೇಳಿದರೆ ಮಾತು ಬದಲಿಸುತ್ತೇವೆ.

ರಮಾಬಾಯಿಯವರು ಹುಟ್ಟಿದ್ದು 1858ನೆಯ ಏಪ್ರಿಲ್ 23ರಂದು. ತುಂಗಾ, ಭದ್ರಾ, ನೇತ್ರಾವತಿಗಳು ಉಗಮಿಸುವ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಬ್ರಾಹ್ಮಣರು. ತರುಣರಾಗಿದ್ದಾಗ ಪುಣೆಗೆ ಬಂದು ಓದಿದ್ದರು. ಪೇಶ್ವೆಯ ಅರಮನೆಯಲ್ಲಿ ತಮ್ಮ ಗುರುಗಳು ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡು, ಹೆಂಗಸರೂ ಶಾಸ್ತ್ರ ಕಲಿಯಬಹುದೆಂಬ ನಿಶ್ಚಯ ಅವರ ಮನಸ್ಸಿನಲ್ಲಿ ಬೇರೂರಿತು. ಊರಿಗೆ ಮರಳಿ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ಶಾಸ್ತ್ರಾಧಾರ ಕೊಡಬೇಕಾಯಿತು. ಮರಾಠಿ ಮನೆಮಾತಾಗಿ ಕನ್ನಡನಾಡಿನಲ್ಲಿ ಬಾಳಿದ ಮನೆತನವದು. ಕನ್ನಡ ಮನೆಮಾತಾಗಿ ಮರಾಠಿನಾಡಿನಲ್ಲಿ ಬಾಳುತ್ತಿರುವವರು ನಾವು. ಒಬ್ಬರಿಗೊಬ್ಬರು ಕನ್ನಡಿ ಹಿಡಿದಂತಲ್ಲವೆ?

ಮಗು ಆರು ತಿಂಗಳಿನದಾಗಿರುವಾಗಲೇ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಶಿಶುವನ್ನು ಬೆಟ್ಟದಿಂದ ಇಳಿಸಿದರಂತೆ. ಮುಂದೆ ಕ್ಷಾಮ ಬಂದು ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿಯರು ನಡೆಯುತ್ತ ನಡೆಯುತ್ತ 1878ರಲ್ಲಿ ಕಲಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಯುವತಿಯ ಪಾಂಡಿತ್ಯಕ್ಕೆ ಬೆರಗಾದ ಅಲ್ಲಿನ ವಿದ್ವತ್ಸಭೆ 'ಪಂಡಿತಾ' ಎಂದೂ 'ಸರಸ್ವತಿ' ಎಂದೂ ಬಿರುದು ಕೊಟ್ಟಿತು.

ಆ ನಗರದಲ್ಲಿಯೇ ಅವರು ಮೊದಲ ಸಲ ಕ್ರೈಸ್ತರ ಪ್ರಾರ್ಥನೆಯನ್ನು ನೋಡಿದರು. ನೆರೆದವರೆಲ್ಲ ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣುಮುಚ್ಚಿದರು. ಎದುರಿಗೆ ವಿಗ್ರಹವಿಲ್ಲ, ಪಟವಿಲ್ಲ. ಇವರು ಕುರ್ಚಿಗಳನ್ನೇ ಪೂಜಿಸುತ್ತಾರೆಂದು ಅಣ್ಣ ತಂಗಿಯರು ತಿಳಿದುಕೊಂಡರಂತೆ! ಸಂಸ್ಕೃತದ ಬೈಬಲ್ಲನ್ನೂ ಅಲ್ಲಿ ಅವರ ಕೈಗೆ ಕೊಟ್ಟರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳನ್ನು ಬಲ್ಲ ಪಂಡಿತೆಗೆ ಆ ಸಂಸ್ಕೃತ ಅರ್ಥವಾಗಲಿಲ್ಲ. ಹೊರಗಿನಿಂದ ನೋಡಿದ ಮತ ಕುರ್ಚಿಯ ಪೂಜೆಯಾಗಿ ಕಾಣುವುದು ಸಹಜ. ಒಳಗಿನ ಅರ್ಥವನ್ನು ಕೇಳಿ ತಿಳಿಯುವವರೆಗೆ ನಮ್ಮದೂ ಅದೇ ಸ್ಥಿತಿ.

ಹಾಗಾದರೆ ಒಳಗಿನ ಅರ್ಥವೇನು? ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ದೇವರು ಒಬ್ಬನೇ, ಜಗತ್ತಿನ ಸೃಷ್ಟಿಕರ್ತನು ಆತನೇ. ಮನುಷ್ಯನು ಆತನ ಪ್ರತಿರೂಪವಾಗಿ ನಿರ್ಮಿತನಾದರೂ ಆತನಿಂದ ದೂರವಾಗಿ ಪಾಪದಲ್ಲಿ ಬಿದ್ದಿದ್ದಾನೆ. ಇಲ್ಲಿ ಪಾಪವೆಂದರೆ ಅದೊಂದು ಇದೊಂದು ಕೆಟ್ಟ ಕೆಲಸ ಮಾತ್ರವಲ್ಲ, ದೇವರಿಗೆ ಬೆನ್ನು ತಿರುಗಿಸಿದ ಬದುಕೇ ಪಾಪ. ಪುನರ್ಜನ್ಮವನ್ನು ಈ ಮತ ಒಪ್ಪದು. ತಿದ್ದಿಕೊಳ್ಳುವುದಕ್ಕೆ ಇರುವುದು ಇದೊಂದೇ ಜನ್ಮ. ಬಿದ್ದವನನ್ನು ಎತ್ತಲು ದೇವರೇ ಯೇಸುಕ್ರಿಸ್ತನಾಗಿ ಮನುಷ್ಯನಾದನು. ನಮ್ಮ ಅವತಾರ ಕಲ್ಪನೆಗೆ ಇದು ಸಮೀಪವೆಂದು ತೋರಿದರೂ ಭೇದವುಂಟು. ಅವತಾರಗಳು ಹಲವು, ಇದು ಚರಿತ್ರೆಯಲ್ಲಿ ಒಂದೇ ಸಲ ಆದದ್ದು. ಕ್ರಿಸ್ತನು ಪೂರ್ಣ ದೇವರೂ ಪೂರ್ಣ ಮನುಷ್ಯನೂ ಆಗಿದ್ದಾನೆಂದು 451ರ ಕ್ಯಾಲ್ಸಿಡನ್ ಮಹಾಸಭೆ ನಿರ್ಣಯಿಸಿತು. ಆತನು ಶಿಲುಬೆಯ ಮೇಲೆ ಸತ್ತದ್ದು ಮಾನವರ ಪಾಪನಿವಾರಣೆಗಾಗಿ. ಮೂರನೆಯ ದಿನ ಮತ್ತೆ ಎದ್ದದ್ದು ಮರಣದ ಮೇಲಿನ ಜಯ. ಈ ರಕ್ಷಣೆ ಮನುಷ್ಯನು ದುಡಿದು ಗಳಿಸುವ ಸಂಬಳವಲ್ಲ, ದೇವರು ಕೃಪೆಯಿಂದ ಕೊಡುವ ದಾನ. ಕಡೆಯದಾಗಿ, ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳು. ಇದೇ ತ್ರಯೈಕ್ಯ ತತ್ತ್ವ. 325ರ ನೈಸಿಯಾ, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳಲ್ಲಿ ಇದು ರೂಪುಗೊಂಡಿತು. ಕ್ರೈಸ್ತರಲ್ಲಿ ಪಂಗಡಗಳು ಹಲವಾರಿದ್ದರೂ ಬಹುಮಟ್ಟಿಗೆ ಎಲ್ಲರೂ ಒಪ್ಪುವ ತಳಹದಿ ಇಷ್ಟು.

ಈಗ ರಮಾಬಾಯಿಯವರ ಕಥೆಗೆ ಮರಳೋಣ. ಅಣ್ಣ 1880ರಲ್ಲಿ ತೀರಿಕೊಂಡನು. ಅದೇ ವರ್ಷ ಜಾತಿಯ ಕಟ್ಟನ್ನು ಮೀರಿ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರನ್ನು ಅವರು ಮದುವೆಯಾದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಅವರಿಗೆ ಸಿಕ್ಕಿತು. ಎರಡು ವರ್ಷ ತುಂಬುವ ಮೊದಲೇ ಗಂಡನು ಕಾಲರಾ ಬೇನೆಗೆ ತುತ್ತಾದನು. ಕೈಗೂಸು ಮನೋರಮೆಯೊಡನೆ 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಮಾರನೆಯ ವರ್ಷ ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬಲ್ಲಿ ಆಂಗ್ಲಿಕನ್ ಸಂನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು. ಆ ಸೋದರಿಯರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ದಾರಿತಪ್ಪಿದ ಹೆಂಗಸರಿಗಾಗಿ ಒಂದು ಆಶ್ರಯವನ್ನು ನಡೆಸುತ್ತಿದ್ದರು. ಸಮಾಜ ಹೊರಗೆಸೆದವರನ್ನು ಇಷ್ಟು ಪ್ರೀತಿಯಿಂದ ನೋಡಿಕೊಳ್ಳುವುದೇಕೆಂದು ರಮಾಬಾಯಿಯವರು ಕೇಳಿದಾಗ, ಒಬ್ಬ ಸೋದರಿ ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸು ಬಾವಿಯ ಬಳಿ ಯೇಸುವನ್ನು ಕಂಡ ಪ್ರಸಂಗವನ್ನು ಓದಿ ಹೇಳಿದರು. ರಮಾಬಾಯಿಯವರ ಮನಸ್ಸನ್ನು ತಿರುಗಿಸಿದ್ದು ಆ ಕಥೆ. 1883ರ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು.

ದೀಕ್ಷೆ ಪಡೆದ ಮೇಲೆ ಬಾಯಿ ಮುಚ್ಚಿಕೊಂಡಿರುತ್ತಾರೆಂದು ಯಾರಾದರೂ ಎಣಿಸಿದ್ದರೆ ಅವರು ಅನಂತಶಾಸ್ತ್ರಿಗಳ ಮಗಳನ್ನು ಅರಿತವರಲ್ಲ. ಅವರು ಏಕದೇವನನ್ನು ಒಪ್ಪಿದರು, ಕ್ರಿಸ್ತನ ಪುನರುತ್ಥಾನವನ್ನೂ ಒಪ್ಪಿದರು. ತ್ರಯೈಕ್ಯವನ್ನು ಒಪ್ಪಲಾರೆನೆಂದರು, ಕನ್ಯೆಯಲ್ಲಿ ಜನಿಸಿದನೆಂಬುದನ್ನೂ ಒಪ್ಪಲಾರೆನೆಂದರು. ಅಥನೇಸಿಯಸನ ಹೆಸರಿನಲ್ಲಿ ಬಳಕೆಯಲ್ಲಿರುವ ವಿಶ್ವಾಸಪ್ರಮಾಣದಲ್ಲಿ, ಹೀಗೆ ನಂಬದವನಿಗೆ ಉದ್ಧಾರವಿಲ್ಲ ಎಂಬ ಅರ್ಥದ ಎಚ್ಚರಿಕೆಯುಂಟು. ಅದನ್ನು ಅವರು ತಲೆಬಾಗಿ ಸ್ವೀಕರಿಸಲಿಲ್ಲ. ಅವರ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ವಿಧೇಯತೆಯನ್ನು ಬೋಧಿಸಿದರು. ಭಾರತದ ಪುರೋಹಿತರ ನೊಗವನ್ನು ಈಗತಾನೆ ಇಳಿಸಿ ಬಂದಿದ್ದೇನೆ, ಇನ್ನೊಂದು ನೊಗಕ್ಕೆ ಕೊರಳು ಕೊಡಲಾರೆ ಎಂಬರ್ಥದಲ್ಲಿ ರಮಾಬಾಯಿಯವರು ಉತ್ತರ ಬರೆದರು. ಚೆಲ್ಟನ್‌ಹ್ಯಾಮ್ ಕಾಲೇಜಿನ ಮುಖ್ಯಸ್ಥೆ ಡೊರೋಥಿಯಾ ಬೀಲ್ ಮಾತ್ರ ಬೆದರಿಸದೆ, ತಾಳ್ಮೆಯಿಂದ ಪತ್ರದ ಮೂಲಕ ಚರ್ಚೆ ನಡೆಸಿದರು. ಶಿಲುಬೆಯ ಪದಕದ ಮೇಲಿನ ಲ್ಯಾಟಿನ್ ಬರಹವೂ ಅವರಿಗೆ ಒಪ್ಪಿಗೆಯಾಗಲಿಲ್ಲ. ತನಗೂ ತನ್ನ ದೇಶದವರಿಗೂ ಲ್ಯಾಟಿನ್ ತಿಳಿಯದು, ಸಂಸ್ಕೃತದಲ್ಲಿ ಬರೆದರೇನು ತಪ್ಪು ಎಂದು ಕೇಳಿದರು. ಓದಿ ಅರ್ಥ ಮಾಡಿಕೊಳ್ಳದ ಕಾಗದಕ್ಕೆ ಸಹಿ ಹಾಕಬೇಡಿರೆಂದು ನಾವು ಬ್ಯಾಂಕಿನಲ್ಲಿ ದಿನವೂ ಗಿರಾಕಿಗಳಿಗೆ ಹೇಳುತ್ತೇವೆ. ಆತ್ಮದ ವ್ಯವಹಾರದಲ್ಲಿ ಆ ನಿಯಮವನ್ನು ಪಾಲಿಸಿದವರು ಎಷ್ಟು ಮಂದಿ?

ಮುಂದೆ ಅಮೆರಿಕದ ಸ್ನೇಹಿತರ ನೆರವಿನಿಂದ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1890ರಲ್ಲಿ ಅದು ಪುಣೆಗೆ ಬಂದಿತು. ಅಲ್ಲಿ ಮತಪ್ರಚಾರವಿಲ್ಲವೆಂದು ಅವರು ವಚನ ಕೊಟ್ಟಿದ್ದರು. ಆದರೆ ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟು ಅವರು ಪ್ರಾರ್ಥಿಸುವಾಗ ಹುಡುಗಿಯರು ಒಳಗೆ ಬಂದು ಕೂಡುತ್ತಿದ್ದರು. 1893ರಲ್ಲಿ ಇದು ದೊಡ್ಡ ವಿವಾದವಾಯಿತು. ತಿಲಕರ 'ಕೇಸರಿ' ಕಟುವಾಗಿ ಬರೆಯಿತು. ರಾನಡೆ, ಭಾಂಡಾರ್ಕರರಂಥ ಉದಾರಿಗಳೂ ಸಲಹಾಮಂಡಲಿಯಿಂದ ಹೊರಬಂದರು. ಪೋಷಕರನೇಕರು ಮಕ್ಕಳನ್ನು ಕರೆದೊಯ್ದರು. ಯಾರ ಪಕ್ಷ ನ್ಯಾಯವೆಂದು ಇಂದು ತೀರ್ಪು ಕೊಡುವುದು ಸುಲಭವಲ್ಲ. ನಂಬಿ ಮಕ್ಕಳನ್ನು ಒಪ್ಪಿಸಿದವರ ನೋವು ಸುಳ್ಳಲ್ಲ. ಬಂದವರನ್ನು ತಡೆಯಲು ಬಾಗಿಲು ಹಾಕಿಕೊಂಡು ಪ್ರಾರ್ಥಿಸಲಾರೆನೆಂದ ಆಕೆಯ ಹಟವೂ ಕಪಟವಲ್ಲ. ಎರಡೂ ಕಡೆಯ ಮಾತನ್ನು ಕೇಳುವ ತಾಳ್ಮೆ ಅಂದಿಗಿಂತ ಇಂದು ಹೆಚ್ಚು ಬೇಕಾಗಿದೆ.

ಈ ನಡುವೆ ಅವರೊಳಗೆ ಇನ್ನೊಂದು ಪರಿವರ್ತನೆ ನಡೆದಿತ್ತು. ಇಂಗ್ಲಿಷ್ ಪಾದ್ರಿಯೊಬ್ಬರ ಆತ್ಮಚರಿತ್ರೆಯನ್ನು ಓದಿದ ಮೇಲೆ, ತನಗೆ ಸಿಕ್ಕಿದ್ದು ಕ್ರೈಸ್ತ ಮತವೇ ಹೊರತು ಕ್ರಿಸ್ತನಲ್ಲವೆಂದು ಅವರಿಗೆ ಹೊಳೆಯಿತು. ತತ್ತ್ವಗಳನ್ನು ತೂಗಿ ನೋಡಿದ್ದಾಯಿತು. ಕೃಪೆಯನ್ನು ಕೈಚಾಚಿ ಪಡೆದದ್ದು 1891ರ ಸುಮಾರಿಗೆ. ಅಲ್ಲಿಂದ ಮುಂದೆ ಸಾಮಾನ್ಯ ಕ್ರೈಸ್ತ ಶ್ರದ್ಧೆಯನ್ನು ಒಪ್ಪಿ ನಡೆದರು. ಆದರೆ ಯಾರೋ ಹೇಳಿದರೆಂದು ಒಪ್ಪಿದ್ದಲ್ಲ. ಬಿಳಿಯ ಸೀರೆ, ಸಸ್ಯಾಹಾರಗಳನ್ನೂ ಬಿಡಲಿಲ್ಲ.

ಆ ಕೃಪೆಯ ತತ್ತ್ವ ಕಾರ್ಯರೂಪಕ್ಕಿಳಿದ ಸ್ಥಳವೇ ಕೇಡಗಾಂವ್. 1896-97ರ ಬರಗಾಲದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ಸುಮಾರು 300 ಮಂದಿ ಹಸಿದ ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ಹಸಿದು ಬೀದಿಗೆ ಬಿದ್ದ ಅನುಭವ ಅವರದೂ ಆಗಿತ್ತಷ್ಟೆ. 'ಮುಕ್ತಿ' ಎಂದು ಹೆಸರಾದ ಆ ನೆಲೆಯಲ್ಲಿ 1900ರ ಕ್ಷಾಮದ ಹೊತ್ತಿಗೆ ಸಾವಿರಕ್ಕೂ ಮೀರಿದ ಜನರಿದ್ದರು. ಓದು, ಬೇಸಾಯ, ನೇಯ್ಗೆ, ಅಚ್ಚಿನ ಕೆಲಸ ಎಲ್ಲವನ್ನೂ ಹೆಂಗಸರೇ ಕಲಿತು ನಡೆಸಿದರು. ದಾರಿತಪ್ಪಿದವರಿಗೂ ಅಲ್ಲಿ ಬೇರೆಯಾಗಿ ಕೃಪಾಸದನವಿತ್ತು. ಫುಲ್‌ಹ್ಯಾಮಿನಲ್ಲಿ ಕೇಳಿದ ಬಾವಿಕಟ್ಟೆಯ ಕಥೆ ಭೀಮಾನದಿಯ ಸೀಮೆಯಲ್ಲಿ ಫಲ ಕೊಟ್ಟಿತು.

ಕಡೆಯ ವರ್ಷಗಳ ದೊಡ್ಡ ಕೆಲಸ ಬೈಬಲ್ಲಿನ ಮರಾಠಿ ಅನುವಾದ. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಓದು ಕಡಮೆಯಾದ ಹಳ್ಳಿಯ ಹೆಂಗಸಿಗೂ ತಿಳಿಯುವಂತೆ ಬರೆಯಬೇಕೆಂಬುದು ಅವರ ವ್ರತ. ಹಳೆಯ ಅನುವಾದಗಳ ಸಂಸ್ಕೃತ ಶಬ್ದಗಳು ವೇದಾಂತದ ಅರ್ಥವನ್ನು ತಮ್ಮೊಡನೆ ಎಳೆದು ತರುತ್ತವೆಂಬುದನ್ನು ಅವರಂತೆ ಬಲ್ಲವರಾರು? ಈ ತೊಡಕು ಕನ್ನಡಕ್ಕೂ ಇದ್ದದ್ದೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೂ, 1853ರಲ್ಲಿ ಬಂದು 1894ರಲ್ಲಿ ನಮಗೆ ಮಹಾನಿಘಂಟನ್ನು ಕೊಟ್ಟ ಕಿಟೆಲರೂ ಪಾಪ, ಕೃಪೆ, ಆತ್ಮ ಎಂಬ ನಮ್ಮ ಹಳೆಯ ಪಾತ್ರೆಗಳಲ್ಲಿಯೇ ಹೊಸ ಅರ್ಥವನ್ನು ತುಂಬಬೇಕಾಯಿತು. ಒಂದು ತತ್ತ್ವ ಇನ್ನೊಂದು ನಾಡಿಗೆ ಬಂದಾಗ ಮೊದಲು ಬಾಡಿಗೆಗೆ ಹಿಡಿಯುವ ಮನೆ ಅಲ್ಲಿಯ ಭಾಷೆಯೇ. ರಮಾಬಾಯಿಯವರ ಅನುವಾದ ಅವರು ತೀರಿಕೊಂಡ ಮೇಲೆ, 1924ರಲ್ಲಿ, ಮುಕ್ತಿಯ ಅಚ್ಚುಕೂಟದಿಂದಲೇ ಪೂರ್ಣವಾಗಿ ಹೊರಬಂದಿತು.

ಕನ್ನಡನಾಡನ್ನು ಅವರು ಮರೆಯಲಿಲ್ಲ. 1912ರ ಸುಮಾರಿಗೆ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆಸಿ, ಮಗಳು ಮನೋರಮೆಯನ್ನೇ ಅದರ ಹೊಣೆಗೆ ನಿಲ್ಲಿಸಿದರು. 1921ರಲ್ಲಿ ಆ ಮಗಳೂ ತಾಯಿಗಿಂತ ಮೊದಲೇ ತೀರಿಹೋದಳು.

ರಮಾಬಾಯಿಯವರ ಮತಾಂತರವನ್ನು ಒಪ್ಪುವುದೋ ಬಿಡುವುದೋ ವಾಚಕರಿಗೆ ಬಿಟ್ಟದ್ದು. ಆದರೆ ತಿಳಿಯದೆ ತಲೆದೂಗಬಾರದು, ತಿಳಿಯದೆ ತಳ್ಳಲೂಬಾರದು ಎಂಬ ಅವರ ನಡತೆ ಎಲ್ಲ ಮತದವರಿಗೂ ಸಲ್ಲುವಂಥದು. ಪರಭಾಷೆಯ ನಾಡಿನಲ್ಲಿ ಮನೆ ಮಾಡಿಕೊಂಡಿರುವ ನಾವು ನೆರೆಯವರು ನಮ್ಮನ್ನು ಅರಿಯಲೆಂದು ಬಯಸುತ್ತೇವಲ್ಲವೆ? ನೆರೆಯವರ ನಂಬಿಕೆಯನ್ನು ಅರಿಯುವ ಸಾಲವೂ ನಮ್ಮ ಮೇಲಿದೆ. ಮುಂದಿನ ಸಲ ಊರಿಗೆ ಹೋಗುವಾಗ ಕೇಡಗಾಂವಿನ ಹಲಗೆ ಕಂಡೊಡನೆ ಮಕ್ಕಳಿಗೆ ಒಂದು ಮಾತು ಹೇಳೋಣ: ಬೆತ್ತದ ಬುಟ್ಟಿಯಲ್ಲಿ ನಮ್ಮ ಬೆಟ್ಟದಿಂದ ಇಳಿದು ಬಂದ ಮಗುವೊಂದು ಇಲ್ಲಿ ಸಾವಿರಾರು ಜನರಿಗೆ ಅನ್ನವಿಕ್ಕಿತು.