ಸರಪಳಿ ಬಿಚ್ಚಲೊಂದು ಬೇಲಿ

ಹಳ್ಳಿಯ ನಾಯಿಗೆ ಊರೆಲ್ಲ ಮೈದಾನ. ನಗರದ ಸಾಕುನಾಯಿಗೆ ಆ ಭಾಗ್ಯವಿಲ್ಲ. ಮನೆಯೊಳಗೆ ನಾಲ್ಕು ಗೋಡೆ, ಬೀದಿಗೆ ಬಂದರೆ ಕೊರಳಿಗೆ ಸರಪಳಿ. ಆ ಸರಪಳಿಯನ್ನು ಸ್ವಲ್ಪ ಹೊತ್ತಾದರೂ ಬಿಚ್ಚಲೆಂದು ಹುಟ್ಟಿದ ವ್ಯವಸ್ಥೆಯೇ ನಾಯಿಗಳ ಉದ್ಯಾನ, ಅರ್ಥಾತ್ ‘ಡಾಗ್ ಪಾರ್ಕ್’.

ಇದರ ಚರಿತ್ರೆ ಬಹಳ ಹಳೆಯದೇನಲ್ಲ. ಇಂಥ ಉದ್ಯಾನಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ನಗರದ ಓಲೋನಿ ಡಾಗ್ ಪಾರ್ಕನ್ನು. ಅದು ಆರಂಭವಾದದ್ದು 1979ರಲ್ಲಿ.

ಆ ನೆಲದ ಕಥೆಯೂ ಸ್ವಾರಸ್ಯಕರ. 1960ರ ದಶಕದಲ್ಲಿ ಸುರಂಗ ರೈಲುಮಾರ್ಗಕ್ಕಾಗಿ ಅಲ್ಲಿದ್ದ ಮನೆಗಳನ್ನು ಕೆಡವಲಾಯಿತು. ಹಳಿ ನೆಲದಡಿಗೆ ಹೋಯಿತು, ಮೇಲೆ ಖಾಲಿ ಜಾಗ ಉಳಿಯಿತು. 1969ರಲ್ಲಿ ಅದೇ ನಗರದಲ್ಲಿ ಇನ್ನೊಂದು ಜಗಳ. ವಿಶ್ವವಿದ್ಯಾಲಯದ ಜಮೀನಿನಲ್ಲಿ ವಿದ್ಯಾರ್ಥಿಗಳು, ನಾಗರಿಕರು ಸೇರಿ ಬೆಳೆಸಿದ್ದ ‘ಪೀಪಲ್ಸ್ ಪಾರ್ಕ್’ಗೆ ಅಧಿಕಾರಿಗಳು ಬೇಲಿ ಹಾಕಿಸಿದರು. ಆಗ ಹೋರಾಟಗಾರರು ರೈಲುಮಾರ್ಗದ ಮೇಲಿನ ಈ ಖಾಲಿ ಜಾಗಕ್ಕೆ ಬಂದು ಗಿಡ ನೆಟ್ಟರು. ಹತ್ತು ವರ್ಷಗಳ ಹಗ್ಗಜಗ್ಗಾಟದ ನಂತರ ಅದು ಅಧಿಕೃತ ಉದ್ಯಾನವಾಯಿತು. ಆ ಸೀಮೆಯ ಮೂಲನಿವಾಸಿಗಳಾದ ಓಲೋನಿ ಜನರ ಹೆಸರನ್ನೇ ಅದಕ್ಕಿಟ್ಟರು. ಅದರ ಒಂದು ಭಾಗ ನಾಯಿಗಳ ಪಾಲಾಯಿತು. ಬೇಲಿಯ ವಿರುದ್ಧದ ಹೋರಾಟದಿಂದ ಉಳಿದ ನೆಲದಲ್ಲಿ ನಾಯಿಗೆ ಸ್ವಾತಂತ್ರ್ಯ ಸಿಕ್ಕಿದ್ದು ಬೇಲಿಯಿಂದಲೇ!

ಬೇಲಿ ಬೇಕಾದದ್ದು ನಾಯಿಗಷ್ಟೇ ಅಲ್ಲ. ಮಕ್ಕಳಿಗೆ ಕಚ್ಚುವ ಭಯ, ವೃದ್ಧರಿಗೆ ಬೀಳುವ ಭಯ, ಎಲ್ಲರಿಗೂ ಗಲೀಜಿನ ಗೋಳು. ನ್ಯೂಯಾರ್ಕ್‌ನಲ್ಲಿ ನಾಯಿಯ ಹೇಸಿಗೆಯನ್ನು ಅದರ ಒಡೆಯನೇ ಎತ್ತಬೇಕೆಂಬ ಕಾನೂನು 1978ರಲ್ಲಿ ಜಾರಿಗೆ ಬಂತು. ಅಲ್ಲಿನ ಟಾಂಪ್ಕಿನ್ಸ್ ಚೌಕದ ಉದ್ಯಾನದಲ್ಲಿ 1990ರಲ್ಲಿ ನಾಯಿಗಳಿಗಾಗಿಯೇ ಬೇಲಿ ಕಟ್ಟಿದ ಅಂಗಳ ತೆರೆಯಿತು. 2007ರಲ್ಲಿ ಆ ನಗರ ಮತ್ತೊಂದು ಉಪಾಯವನ್ನೂ ನಿಯಮವಾಗಿಸಿತು. ಗೊತ್ತುಪಡಿಸಿದ ಉದ್ಯಾನಗಳಲ್ಲಿ ಬೆಳಿಗ್ಗೆ 9ರ ಮೊದಲು ಮತ್ತು ರಾತ್ರಿ 9ರ ನಂತರ ನಾಯಿಗಳನ್ನು ಸರಪಳಿಯಿಲ್ಲದೆ ಬಿಡಬಹುದು. ಜಾಗ ಹಂಚುವುದು ಒಂದು ದಾರಿ, ವೇಳೆ ಹಂಚುವುದು ಇನ್ನೊಂದು.

ಡಾಗ್ ಪಾರ್ಕಿನ ರಚನೆ ಸರಳ. ಒಳಹೋಗಲು ಸಾಮಾನ್ಯವಾಗಿ ಎರಡು ಗೇಟು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು, ನಾಯಿ ನುಸುಳಿ ಓಡಬಾರದಲ್ಲ. ಹಲವೆಡೆ ಚಿಕ್ಕ ನಾಯಿಗಳಿಗೆ ಪ್ರತ್ಯೇಕ ಅಂಗಳವಿರುತ್ತದೆ. ನಾಯಿಗಳು ಓಡಾಡುವಾಗ ಒಡೆಯರಿಗೆ ಮಾತಿಗೆ ಬಿಡುವು. ವರ್ಷಗಟ್ಟಲೆ ಪಕ್ಕದ ಬೀದಿಯಲ್ಲಿದ್ದೂ ಮುಖ ನೋಡದವರು ಇಲ್ಲಿ ಪರಿಚಿತರಾಗುತ್ತಾರೆ. ಮನುಷ್ಯರ ಹೆಸರು ತಿಳಿಯದಿದ್ದರೂ ‘ಟಾಮಿಯ ಅಪ್ಪ’, ‘ರೋಸಿಯ ಅಮ್ಮ’ ಎಂದು ಗುರುತಾಗುವುದುಂಟು.

ಈ ವ್ಯಾಜ್ಯ ನಮಗೂ ಹೊಸದಲ್ಲ. ಬೆಂಗಳೂರಿನಲ್ಲಿ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನಕ್ಕೆ 2022ರ ಜುಲೈ 1ರಿಂದ ನಾಯಿಗಳನ್ನು ಬಿಡಬಾರದೆಂದು ತೋಟಗಾರಿಕೆ ಇಲಾಖೆ ಹೊರಟಿತ್ತು. ಸರಪಳಿ ಬಿಚ್ಚುತ್ತಾರೆ, ಹೇಸಿಗೆ ಎತ್ತುವುದಿಲ್ಲ ಎಂಬುದು ವಾಯುವಿಹಾರಿಗಳ ದೂರು. ಕೆಲವರ ತಪ್ಪಿಗೆ ಎಲ್ಲರಿಗೂ ಶಿಕ್ಷೆಯೇ ಎಂಬುದು ನಾಯಿ ಸಾಕಿದವರ ಪ್ರಶ್ನೆ. ಅವರ ವಿರೋಧದಿಂದ ನಿಷೇಧ ನಿಂತಿತು.

ಬರ್ಕ್ಲಿಯಾಗಲಿ ಬೆಂಗಳೂರಾಗಲಿ, ಜಗಳ ನಾಯಿಗಳದ್ದಲ್ಲ. ಬಯಲು ಕಡಿಮೆಯಾದ ಊರಿನಲ್ಲಿ ಉಳಿದ ಹಸಿರು ಯಾರದು ಎಂಬ ಮನುಷ್ಯರ ಜಗಳ ಅದು. ನಾಯಿಗೆ ಬೇಕಾದದ್ದು ಓಡಲು ಒಂದಿಷ್ಟು ನೆಲ. ಅದನ್ನು ಹಂಚಿಕೊಳ್ಳುವುದನ್ನು ಕಲಿಯಬೇಕಾದವರು ಸರಪಳಿಯ ಇನ್ನೊಂದು ತುದಿ ಹಿಡಿದವರು, ಜೊತೆಗೆ ಸರಪಳಿಯನ್ನೇ ಹಿಡಿಯದವರು.