ಬಾಯಿ ದುರ್ವಾಸನೆ: ವಿಜಯನಗರ ಸೀಮೆಯಲ್ಲಿ ಅದರ ಚರಿತ್ರೆ

ಉಸಿರು ಬಿಡುವಾಗ ಅಥವಾ ಮಾತನಾಡುವಾಗ ಬಾಯಿಂದ ಹೊಮ್ಮುವ ಕೆಟ್ಟ ವಾಸನೆಯನ್ನು ಆಯುರ್ವೇದ ಗ್ರಂಥಗಳು ಮುಖದೌರ್ಗಂಧ್ಯವೆಂದು ಕರೆದರೆ, ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಆಡುಮಾತು ಅದನ್ನು ನೇರವಾಗಿ ಬಾಯಿನಾತ ಎನ್ನುತ್ತದೆ. ಇದು ಸ್ವತಃ ಒಂದು ರೋಗವಲ್ಲ. ಬಹುಮಟ್ಟಿಗೆ ಬಾಯಿಯೊಳಗೇ ಇರುವ ಕಾರಣಗಳಿಂದ, ಅಪರೂಪಕ್ಕೆ ದೇಹದ ಬೇರೆ ಅಂಗಗಳ ಕಾಯಿಲೆಯಿಂದ ಹುಟ್ಟುವ ಲಕ್ಷಣ. ಇದರ ನಿವಾರಣೆಗೆ ನಾಡು ಹಿಡಿದ ದಾರಿಗಳು ಎರಡು: ನಾತ ಹುಟ್ಟುವ ಕೊಳೆಯನ್ನು ಬಾಯಿಂದ ತೆಗೆದುಹಾಕುವುದು ಒಂದು, ಅದರ ಮೇಲೆ ಪರಿಮಳವನ್ನು ಹೊದಿಸುವುದು ಇನ್ನೊಂದು. ಮೊದಲನೆಯ ದಾರಿ ಬಡವರ ಹಿತ್ತಿಲ ಬೇವಿನ ಕಡ್ಡಿಯಲ್ಲಿ ಉಳಿದುಬಂದರೆ, ಎರಡನೆಯದು ಹಂಪಿಯ ಅರಮನೆಯ ಬಳಿ ಒಂದು ಬೀದಿಗೇ ಹೆಸರು ಕೊಡುವಷ್ಟು ಬೆಳೆಯಿತು.

ಕ್ರಿಸ್ತಶಕದ ಆರಂಭದ ಶತಮಾನಗಳ ಹೊತ್ತಿಗೆ ರೂಪುಗೊಂಡ ಚರಕಸಂಹಿತೆಯ ಸೂತ್ರಸ್ಥಾನವು ದಿನಕ್ಕೆ ಎರಡು ಬಾರಿ ಹಲ್ಲುಜ್ಜಬೇಕೆಂದು ವಿಧಿಸುವುದರ ಜತೆಗೆ, ನಾಲಿಗೆಯ ಬುಡದಲ್ಲಿ ಕೂತ ಮಲವೇ ಉಸಿರಿಗೆ ಅಡ್ಡಿಯಾಗಿ ದುರ್ಗಂಧವನ್ನು ತರುತ್ತದೆಂದೂ, ಆದ್ದರಿಂದ ಚಿನ್ನ, ಬೆಳ್ಳಿ, ತಾಮ್ರ ಮೊದಲಾದ ಲೋಹಗಳಿಂದ ಮಾಡಿದ, ಮೊನಚಿಲ್ಲದ, ಬಾಗಿದ ಸಾಧನದಿಂದ ನಾಲಿಗೆಯನ್ನು ಹೆರೆಯಬೇಕೆಂದೂ ಹೇಳುತ್ತದೆ. ನಾತದ ಮೂಲವನ್ನು ಹೊಟ್ಟೆಯಲ್ಲಾಗಲಿ ಹಲ್ಲಿನಲ್ಲಾಗಲಿ ಹುಡುಕದೆ ನಾಲಿಗೆಯ ಹಿಂಬದಿಗೆ ಬೊಟ್ಟು ಮಾಡಿದ ಈ ಮಾತಿಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ; ಇಪ್ಪತ್ತನೆಯ ಶತಮಾನದ ಪ್ರಯೋಗಾಲಯಗಳು ಸುತ್ತಿ ಬಳಸಿ ತಲುಪಿದ್ದು ಇದೇ ಜಾಗಕ್ಕೆ. ಸುಶ್ರುತಸಂಹಿತೆ ಹಲ್ಲುಕಡ್ಡಿಯ ಅಳತೆಯನ್ನೂ ಕೊಡುತ್ತದೆ: ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ. ಕಹಿ ಮರಗಳಲ್ಲಿ ಬೇವು, ಖಾರದವುಗಳಲ್ಲಿ ಹೊಂಗೆ, ಒಗರಿನವುಗಳಲ್ಲಿ ಕಗ್ಗಲಿ, ಸಿಹಿಯವುಗಳಲ್ಲಿ ಹಿಪ್ಪೆ ಶ್ರೇಷ್ಠವೆಂದು ಅದರ ಮತ.

ಇವುಗಳಲ್ಲಿ ಬೇವು ಮತ್ತು ಹೊಂಗೆ ಸಂಡೂರು ತಾಲ್ಲೂಕಿನ ವಡ್ಡುವಿನಂಥ ಬಯಲುಸೀಮೆಯ ಊರುಗಳಲ್ಲಿ ಹೊಲದ ಬದುವಿನಲ್ಲಿ, ಮನೆಯ ಮುಂದೆ ತಾನಾಗಿ ಬೆಳೆಯುವ ಮರಗಳಾದುದರಿಂದ, ಶಾಸ್ತ್ರ ಹೇಳಿದ್ದನ್ನು ಇಲ್ಲಿನವರು ಶಾಸ್ತ್ರ ಓದದೆಯೇ ಪಾಲಿಸಿಕೊಂಡು ಬಂದರು. ಎಳೆಯ ಬೇವಿನ ಟೊಂಗೆಯನ್ನು ಮುರಿದು, ಎಲೆ ಸವರಿ, ತುದಿಯನ್ನು ದವಡೆ ಹಲ್ಲಿನಲ್ಲಿ ಜಗಿದರೆ ತೊಗಟೆ ಬಿಟ್ಟುಕೊಂಡು ನಾರು ಕುಂಚದಂತೆ ಬಿಚ್ಚಿಕೊಳ್ಳುತ್ತದೆ. ಕಹಿರಸಕ್ಕೆ ಬಾಯಲ್ಲಿ ಜೊಲ್ಲು ಊರುತ್ತದೆ. ಆ ಕುಂಚದಿಂದ ಒಂದೊಂದೇ ಹಲ್ಲನ್ನು ಉಜ್ಜಿದ ಮೇಲೆ ಕಡ್ಡಿಯನ್ನು ಉದ್ದಕ್ಕೆ ಎರಡು ಸೀಳಾಗಿ ಸೀಳಿ, ಒಂದು ಸೀಳನ್ನು ಬಿಲ್ಲಿನಂತೆ ಬಗ್ಗಿಸಿ, ನಾಲಿಗೆಯ ಹಿಂಬದಿಯಿಂದ ತುದಿಯವರೆಗೆ ಎಳೆದು, ಬಂದ ಬಿಳಿ ಲೋಳೆಯನ್ನು ಕೊಡವಿ, ನೀರು ಮುಕ್ಕಳಿಸಿ ಕಡ್ಡಿಯನ್ನು ಎಸೆಯುತ್ತಾರೆ. ಹಲ್ಲುಜ್ಜುವ ಕುಂಚ, ನಾಲಿಗೆ ಹೆರೆಯುವ ಸಾಧನ ಮತ್ತು ಜೊಲ್ಲು ತರಿಸುವ ಔಷಧ ಮೂರೂ ಒಂದೇ ಕಡ್ಡಿಯಲ್ಲಿ ದೊರೆಯುತ್ತವೆ.

ಎರಡನೆಯ ದಾರಿಯಾದ ತಾಂಬೂಲವೂ ಹಳೆಯದೇ. ಬಾಯಿಯ ಶುದ್ಧಿ, ರುಚಿ ಮತ್ತು ಸುವಾಸನೆಗಾಗಿ ಜಾಜಿಕಾಯಿ, ಲವಂಗ, ಏಲಕ್ಕಿ, ಕರ್ಪೂರ, ಅಡಕೆ ಮತ್ತು ವೀಳ್ಯದೆಲೆಗಳನ್ನು ಬಾಯಲ್ಲಿಡಬೇಕೆಂದು ಚರಕಸಂಹಿತೆಯೇ ಹೇಳುತ್ತದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇನ್ನೂ ಸೂಕ್ಷ್ಮವಾಗಿ, ಅಡಕೆ ಹೆಚ್ಚಾದರೆ ತಾಂಬೂಲದ ಕೆಂಪು ಕೆಡುತ್ತದೆ, ಸುಣ್ಣ ಹೆಚ್ಚಾದರೆ ಬಾಯಿಗೆ ಕೆಟ್ಟ ವಾಸನೆ ಬರುತ್ತದೆ, ಎಲೆ ಹೆಚ್ಚಾದರೆ ಒಳ್ಳೆಯ ಪರಿಮಳ ಬರುತ್ತದೆ ಎಂದು ವಿಂಗಡಿಸಿದ್ದಾನೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಸುಮಾರು 1129ರಲ್ಲಿ ತಾಂಬೂಲವನ್ನು ಅರಸನ ಉಪಭೋಗಗಳಲ್ಲಿ ಒಂದಾಗಿ ವಿವರಿಸುವ ಹೊತ್ತಿಗೆ, ಎಲೆಯಡಕೆ ಬಾಯಿಯ ಆರೋಗ್ಯದ ಮಾತಾಗಿ ಮಾತ್ರ ಉಳಿಯದೆ ಸಭೆಯ ಮರ್ಯಾದೆಯೂ ಆಗಿತ್ತು.

ಆ ಮರ್ಯಾದೆಯ ಉಚ್ಛ್ರಾಯವನ್ನು ಹಂಪಿಯಲ್ಲಿ ಇಂದಿಗೂ ನಿಂತು ನೋಡಬಹುದು. ಹಜಾರ ರಾಮ ದೇವಾಲಯದ ಬಳಿಯಿಂದ ಹೊರಡುವ, ಈಗ ಪಾನ್ ಸುಪಾರಿ ಬಜಾರ್ ಎಂದು ಕರೆಯುವ ಬೀದಿಯಲ್ಲಿ ಇಮ್ಮಡಿ ದೇವರಾಯನು 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯದ ಅವಶೇಷವಿದೆ. ಅದರ ಸಂಸ್ಕೃತ ಶಾಸನವು ಬಸದಿ ಇರುವ ಜಾಗವನ್ನು ಅಡಕೆ ಮತ್ತು ಎಲೆಯ ಅಂಗಡಿಗಳ ಬೀದಿಯೆಂದೇ ಗುರುತಿಸುವುದರಿಂದ, ಆರು ಶತಮಾನದ ಹಿಂದೆ ಅರಮನೆಯ ಆವರಣಕ್ಕೆ ಅಂಟಿಕೊಂಡಂತೆ ಎಲೆಯಡಕೆಗೆ ಮೀಸಲಾದ ಪೇಟೆಯೊಂದಿತ್ತೆಂಬುದು ಖಚಿತವಾಗುತ್ತದೆ.

ಅದೇ ದೇವರಾಯನ ಆಸ್ಥಾನಕ್ಕೆ 1443ರಲ್ಲಿ ತೈಮೂರಿ ಸುಲ್ತಾನ ಶಾರುಖನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನಿಗೆ ವೀಳ್ಯದೆಲೆ ಹೊಸ ಬೆರಗಾಗಿತ್ತು. ಎಲೆಯು ಕಿತ್ತಳೆ ಮರದ ಎಲೆಯಂತಿದ್ದು ಅದಕ್ಕಿಂತ ಉದ್ದವೆಂದೂ, ಅಡಕೆಯನ್ನು ಬಾಯಿಗೆ ಹಾಕಿಕೊಂಡು, ಸುಣ್ಣ ಸವರಿದ ಎಲೆಯನ್ನು ಸುರುಳಿ ಸುತ್ತಿ, ಒಮ್ಮೆಗೆ ನಾಲ್ಕು ಎಲೆಗಳವರೆಗೂ ಜಗಿಯುತ್ತಾರೆಂದೂ, ಕೆಲವೊಮ್ಮೆ ಕರ್ಪೂರ ಬೆರೆಸುತ್ತಾರೆಂದೂ ಬರೆದ ಅವನು, ಇದು ಮುಖಕ್ಕೆ ಕಳೆ ತರುತ್ತದೆ, ಹಸಿವನ್ನು ತಣಿಸುತ್ತದೆ, ಬಾಯಿಯ ದುರ್ವಾಸನೆಯನ್ನು ಕಳೆಯುತ್ತದೆ, ಹಲ್ಲುಗಳನ್ನು ಗಟ್ಟಿಮಾಡುತ್ತದೆ ಎಂದು ಗುಣಗಳನ್ನು ಎಣಿಸಿದ್ದಾನೆ. ಅರಸನನ್ನು ಕಂಡು ಹೊರಡುವಾಗ ಅವನಿಗೆ ದೊರೆತ ಉಡುಗೊರೆಯೂ ಇದೇ ಬಗೆಯದು: ಎರಡು ಕಟ್ಟು ವೀಳ್ಯ, ಐನೂರು ಪಣಗಳ ಚೀಲ, ಮತ್ತು ಇಪ್ಪತ್ತು ಮಿಸ್ಕಾಲ್, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 90 ಗ್ರಾಂ ಕರ್ಪೂರ. ವೀಳ್ಯದ ಜತೆ ಕೊಟ್ಟದ್ದರಿಂದ ಇದು ತಿನ್ನುವ ಪಚ್ಚಕರ್ಪೂರವೇ ಇರಬೇಕು.

ರಜಾಕನ ಮಾತಿನಲ್ಲಿ ಎಷ್ಟು ನಿಜವಿದೆಯೆಂದು ಕೇಳುವುದು ಅಗತ್ಯ. ವೀಳ್ಯದೆಲೆಯಲ್ಲಿರುವ ಯೂಜೆನಾಲ್, ಚಾವಿಕಾಲ್ ಎಂಬ ಪರಿಮಳದ ತೈಲಾಂಶಗಳಿಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಸ್ವಲ್ಪಮಟ್ಟಿಗೆ ಇದೆ. ಜಗಿತದಿಂದ ಜೊಲ್ಲು ಹೆಚ್ಚಿ ಬಾಯಿ ತೊಳೆದಂತಾಗುತ್ತದೆ. ಆದ್ದರಿಂದ ನಾತ ತಾತ್ಕಾಲಿಕವಾಗಿ ತಗ್ಗುವುದು ನಿಜ. ಹಲ್ಲು ಗಟ್ಟಿಯಾಗುವುದೆಂಬ ಮಾತು ಮಾತ್ರ ನಿಲ್ಲುವುದಿಲ್ಲ. ಸುಣ್ಣ ಮತ್ತು ಅಡಕೆಯ ಕಣಗಳು ವಸಡಿನ ಅಂಚಿನಲ್ಲಿ ಕಿಟ್ಟವಾಗಿ ಕೂತು, ಕಾಲಕ್ರಮೇಣ ನಾತಕ್ಕೆ ತಾವೇ ನೆಲೆಯಾಗುತ್ತವೆ. ಇದಕ್ಕಿಂತ ಮುಖ್ಯವಾಗಿ, ಅಡಕೆಯನ್ನು ದೀರ್ಘಕಾಲ ಜಗಿಯುವುದರಿಂದ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾರದಂತಾಗುವ ನಾರುಗಟ್ಟುವ ರೋಗ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ರಜಾಕನು ಕಂಡ ತಾಂಬೂಲದಲ್ಲಿ ಹೊಗೆಸೊಪ್ಪು ಇರಲು ಸಾಧ್ಯವಿರಲಿಲ್ಲ, ಏಕೆಂದರೆ ಆ ಗಿಡ ಆಗಿನ್ನೂ ಅಮೆರಿಕ ಖಂಡವನ್ನು ಬಿಟ್ಟು ಹೊರಟಿರಲಿಲ್ಲ. ವಿಜಯನಗರ 1565ರಲ್ಲಿ ಹಾಳಾದ ಮೇಲೆ, ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ಅಧಿಕಾರಿ ಅಸದ್ ಬೇಗ್ ಬಿಜಾಪುರದಲ್ಲಿ ಹೊಗೆಸೊಪ್ಪನ್ನು ಮೊದಲ ಬಾರಿಗೆ ಕಂಡು ಬಾದಶಹನಿಗೆ ಕೊಂಡೊಯ್ದ ವಿವರ ಅವನ ಬರಹದಲ್ಲೇ ಇದೆ. ಮುಂದೆ ಹೊಗೆಸೊಪ್ಪು ಎಲೆಸಂಚಿಯನ್ನು ಹೊಕ್ಕಿತು. ಬಾಯಿಯನ್ನು ಕಂಪಾಗಿಸಲು ಹುಟ್ಟಿದ ಪದಾರ್ಥವೇ ನಾತಕ್ಕೂ ಹುಣ್ಣಿಗೂ ಮೂಲವಾಯಿತು. ಕಬ್ಬಿನ ಗದ್ದೆಯಿಂದ ಗಣಿಯವರೆಗೆ ದುಡಿಯುವ ಜನ ಹಸಿವು, ದಣಿವು ಮರೆಯಲು ಇದಕ್ಕೆ ಒಗ್ಗಿಕೊಂಡದ್ದು ಈ ಸೀಮೆಯ ದೊಡ್ಡ ದುಃಖಗಳಲ್ಲಿ ಒಂದು. ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅಡಕೆಪುಡಿ ಮತ್ತು ಹೊಗೆಸೊಪ್ಪು ಬೇರೆ ಬೇರೆ ಚೀಟಿಗಳಲ್ಲಿ ಮಾರಾಟವಾಗಿ ಅಂಗೈಯಲ್ಲಿ ಒಂದಾಗುವುದರಿಂದ ನಿಷೇಧದ ಉದ್ದೇಶ ಪೂರ್ತಿ ಈಡೇರಿಲ್ಲ.

ಹಲ್ಲುಪುಡಿಯ ಕಾಲ ಇಪ್ಪತ್ತನೆಯ ಶತಮಾನದ್ದು. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಕನ್ನಡ ನಾಡಿನ ಮನೆಮಾತಾಯಿತು. ಅದು ಸಿಗದ ಕಡೆ ಇದ್ದಿಲು, ಉಪ್ಪು, ಬೂದಿ ನಡೆದವು. ಇದ್ದಿಲಿನ ಒರಟು ಪುಡಿ ಹಲ್ಲಿನ ಹೊಳಪಿನ ಪದರವನ್ನು ಸವೆಸುವುದರಿಂದ ಅದನ್ನು ಬಿಡುವುದೇ ಲೇಸು. ಪಶ್ಚಿಮದಲ್ಲಿ 1874ರಲ್ಲಿ ಅಮೆರಿಕದ ವೈದ್ಯ ಜೋಸೆಫ್ ಹೋವ್ ಉಸಿರಿನ ನಾತದ ಬಗ್ಗೆ ಪುಸ್ತಕವನ್ನೇ ಬರೆದನು. 1879ರಲ್ಲಿ ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕವಾಗಿ ಹುಟ್ಟಿದ ಲಿಸ್ಟರಿನ್, 1920ರ ದಶಕದ ಜಾಹೀರಾತುಗಳ ಬಲದಿಂದ ಬಾಯಿ ಮುಕ್ಕಳಿಸುವ ದ್ರವವಾಗಿ ಮನೆಮನೆಗೆ ಹಬ್ಬಿತು. ಹಾಲಿಟೋಸಿಸ್ ಎಂಬ ವೈದ್ಯಕೀಯ ಪದ ಜನಸಾಮಾನ್ಯರ ಬಾಯಿಗೆ ಬಂದದ್ದು ಆ ಜಾಹೀರಾತುಗಳಿಂದಲೇ.

ಕಾರಣವನ್ನು ಅಳತೆಗೆ ಸಿಗುವಂತೆ ತೋರಿಸಿದವನು ಕೆನಡಾದ ಜೋಸೆಫ್ ಟೊನ್ಜೆಟಿಚ್. ಅನಿಲಗಳನ್ನು ಬೇರ್ಪಡಿಸಿ ಗುರುತಿಸುವ ವಿಧಾನದಿಂದ ಅವನು 1970ರ ದಶಕದಲ್ಲಿ, ಬಾಯಿನಾತದ ಮುಖ್ಯ ಅಂಶಗಳು ಗಂಧಕದ ಅನಿಲಗಳೆಂದು ಸ್ಥಾಪಿಸಿದನು. ನಾಲಿಗೆಯ ಹಿಂಭಾಗದ ಬಿರುಕುಗಳಲ್ಲಿ ಮತ್ತು ಹಲ್ಲು-ವಸಡಿನ ನಡುವಿನ ಸಂದುಗಳಲ್ಲಿ, ಆಮ್ಲಜನಕ ತಲುಪದ ಕಡೆ ಬಾಳುವ ಬ್ಯಾಕ್ಟೀರಿಯಾಗಳು ಆಹಾರದ ಚೂರು, ಸತ್ತ ಜೀವಕೋಶ ಮತ್ತು ಜೊಲ್ಲಿನಲ್ಲಿರುವ ಸಸಾರಜನಕವನ್ನು ಕೊಳೆಸಿದಾಗ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಮತ್ತು ಕೊಳೆತ ಎಲೆಕೋಸಿನ ನಾತದ ಮೀಥೈಲ್ ಮರ್ಕ್ಯಾಪ್ಟಾನ್ ಹುಟ್ಟುತ್ತವೆ. ನಿದ್ದೆಯಲ್ಲಿ ಜೊಲ್ಲು ಬತ್ತುವುದರಿಂದ ಬೆಳಗಿನ ಬಾಯಿ ಎಲ್ಲರದೂ ನಾರುತ್ತದೆ; ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವರಿಗೂ ಬಾಯಲ್ಲಿ ಉಸಿರಾಡುವವರಿಗೂ ಹಗಲಿನಲ್ಲೇ ಹೀಗಾಗುತ್ತದೆ. ಜೋಳದ ರೊಟ್ಟಿಯ ಜತೆ ಕಚ್ಚಿಕೊಳ್ಳುವ ಹಸಿ ಈರುಳ್ಳಿ, ಚಟ್ನಿಯ ಬೆಳ್ಳುಳ್ಳಿಗಳ ವಾಸನೆ ಬೇರೆ ಬಗೆಯದು: ಬೆಳ್ಳುಳ್ಳಿಯ ಗಂಧಕಾಂಶವೊಂದು ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬರುವುದರಿಂದ ಎಷ್ಟು ಹಲ್ಲುಜ್ಜಿದರೂ ಅದು ಕೆಲವು ಗಂಟೆ ಉಳಿಯುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ.

ಹೊಟ್ಟೆ ಕೆಟ್ಟರೆ ಬಾಯಿ ನಾರುತ್ತದೆಂಬ ಜನರ ನಂಬಿಕೆ ಬಹುತೇಕ ತಪ್ಪು. ಅನ್ನನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುವುದರಿಂದ ಹೊಟ್ಟೆಯ ನಾತ ಮೇಲೇರುವುದು ಅಪರೂಪ. ಮೂಗಿನ ಸುತ್ತಲ ಪೊಳ್ಳುಗಳ ಸೋಂಕು ಮತ್ತು ಟಾನ್ಸಿಲ್ ಗುಳಿಗಳಲ್ಲಿ ಕಟ್ಟುವ ಹಳದಿ ಗಂಟುಗಳು ಇದಕ್ಕಿಂತ ಸಾಮಾನ್ಯ ಕಾರಣಗಳು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ಅಸಿಟೋನಿನಿಂದಾಗಿ ಉಸಿರಿಗೆ ಹಣ್ಣಿನಂಥ ವಾಸನೆಯೂ, ಮೂತ್ರಪಿಂಡ ಸೋತಾಗ ಅಮೋನಿಯದ ಘಾಟೂ ಬರುವುದುಂಟು. ಇವನ್ನು ಏಲಕ್ಕಿಯಿಂದ ಮರೆಸುವುದು ಅಪಾಯಕರ, ಕೂಡಲೇ ವೈದ್ಯರನ್ನು ಕಾಣಬೇಕು.

ಚಿಕಿತ್ಸೆಯಲ್ಲಿ ದಿನಕ್ಕೆರಡು ಬಾರಿ, ಅದರಲ್ಲೂ ತಪ್ಪದೆ ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವುದು, ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲನೆ ಹೆರೆಯುವುದು, ಹಲ್ಲಿನ ಸಂದುಗಳನ್ನು ದಾರದಿಂದ ಶುಚಿಮಾಡುವುದು, ಸಾಕಷ್ಟು ನೀರು ಕುಡಿಯುವುದು, ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು ತೊಳೆದಿಡುವುದು ಮೊದಲಿನವು. ಊಟದ ನಂತರ ಸೋಂಪು, ಲವಂಗ ಜಗಿಯುವುದು ಅಡಕೆಯ ಹಂಗಿಲ್ಲದೆ ತಾಂಬೂಲದ ಗುಣವನ್ನು ಕೊಡುತ್ತದೆ. ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ಔಷಧ ಪರಿಣಾಮಕಾರಿಯಾದರೂ ಬಹುಕಾಲ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹತ್ತುತ್ತದೆ. ಕಿಟ್ಟ ಗಟ್ಟಿಯಾದ ಮೇಲೆ ಯಾವ ಕಡ್ಡಿಗೂ ಬ್ರಷ್ಷಿಗೂ ಅದು ಬಗ್ಗದು; ದಂತವೈದ್ಯರೇ ಸಾಧನದಿಂದ ತೆಗೆಯಬೇಕು. ಹಲ್ಲು ಶುಚಿಮಾಡಿಸಿದರೆ ಸಡಿಲವಾಗುತ್ತದೆಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಸಡಿಲವಾಗುವುದು ಕಿಟ್ಟದ ಕೆಳಗೆ ವಸಡು, ಎಲುಬು ಸವೆದದ್ದರಿಂದ, ಶುಚಿಮಾಡಿಸಿದ್ದರಿಂದಲ್ಲ. ಈ ಸೀಮೆಯವರಿಗೆ ಬಳ್ಳಾರಿಯ ಸರ್ಕಾರಿ ದಂತವೈದ್ಯಕೀಯ ಕಾಲೇಜಿನಲ್ಲಿ ಇಂಥ ಚಿಕಿತ್ಸೆ ದೊರೆಯುತ್ತದೆ.

ತನ್ನ ಬಾಯಿಯ ವಾಸನೆ ತನಗೆ ತಿಳಿಯದಿರುವುದು ಈ ತೊಂದರೆಯ ವಿಶೇಷ. ಮೂಗು ತನ್ನದೇ ವಾಸನೆಗೆ ಒಗ್ಗಿಹೋಗಿರುತ್ತದೆ. ಆದ್ದರಿಂದ ನಾತವಿದ್ದೂ ಅರಿಯದವರು ಇರುವಂತೆ, ನಾತವೇ ಇಲ್ಲದಿದ್ದರೂ ಇದೆಯೆಂದು ಕೊರಗಿ, ಮಾತನಾಡುವಾಗ ಸೆರಗನ್ನೋ ಅಂಗೈಯನ್ನೋ ಬಾಯಿಗೆ ಅಡ್ಡ ಹಿಡಿದು, ಜನರಿಂದ ದೂರ ಕೂರುವವರೂ ಇದ್ದಾರೆ. ಅಂಥವರಿಗೆ ಮನೆಯಲ್ಲಿ ಹತ್ತಿರದವರೊಬ್ಬರು ನಿಜ ಹೇಳುವುದೇ ಮೊದಲ ಪರೀಕ್ಷೆ; ಅದರಿಂದಲೂ ಸಮಾಧಾನವಾಗದಿದ್ದರೆ ದಂತವೈದ್ಯರ ಜತೆ ಮನೋವೈದ್ಯರ ನೆರವೂ ಬೇಕಾಗುತ್ತದೆ.