ನೀರು ಹೆಚ್ಚಿದ ಹೊಳೆ

ಮೈಸೂರು ರಸ್ತೆಯ ಬದಿಯಲ್ಲಿ, ಕೆಂಗೇರಿಯ ಒತ್ತಿಗೇ ಹರಿಯುವ ವೃಷಭಾವತಿಯನ್ನು ಈಗಿನ ಮಕ್ಕಳು ಮೋರಿಯೆಂದೇ ಬಲ್ಲರು. ದೊಡ್ಡ ಬಸವನ ಗುಡಿಯ ಬಳಿ ಹುಟ್ಟಿತೆಂದು ಜನ ನಂಬುವ ಈ ಹೊಳೆ ಗಾಳಿ ಆಂಜನೇಯನ ಗುಡಿ, ನಾಯಂಡಹಳ್ಳಿ ಹಾದು ಕೆಂಗೇರಿ ದಾಟುತ್ತದೆ. ಬಿಡದಿ ಬಳಿ ಬೈರಮಂಗಲ ಕೆರೆಗೆ ಇಳಿದು, ಮುಂದೆ ಅರ್ಕಾವತಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ.

ಕೆಂಗೇರಿ ಮೊದಲಿಂದಲೂ ಬೆಂಗಳೂರು ನಗರದ ಅಂಚಾಗಿರಲಿಲ್ಲ. ಅದು ತನ್ನದೇ ಕೆರೆ, ಹೊಲ, ಪೇಟೆಗಳಿದ್ದ ಊರು. 19ನೇ ಶತಮಾನದಲ್ಲಿ ಇಟಲಿಯ ದೆ ವೆಕ್ಕಿ ಎಂಬಾತ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಹಾಕಲು ಈ ಊರನ್ನೇ ಆರಿಸಿಕೊಂಡಿದ್ದ. ಆಮೇಲೆ ಮೈಸೂರಿನ ರೈಲು ಬಂತು, ಉಪನಗರ ಬಂತು, 2007ರಲ್ಲಿ ಮಹಾನಗರ ಪಾಲಿಕೆ ಊರನ್ನು ಒಳಗೆ ಸೇರಿಸಿಕೊಂಡಿತು, 2021ರಲ್ಲಿ ಮೆಟ್ರೊ.

ಈ ಬದಲಾವಣೆಯ ಕೊನೆಯ ಐವತ್ತು ವರ್ಷಕ್ಕೆ ಆಕಾಶದಲ್ಲೂ ಸಾಕ್ಷಿಯಿದೆ. 1972ರ ಜುಲೈನಲ್ಲಿ ಅಮೆರಿಕ ಲ್ಯಾಂಡ್‌ಸ್ಯಾಟ್-1 ಹಾರಿಸಿತು. ಬೆಂಗಳೂರಿನಲ್ಲೇ ಕಟ್ಟಿದ ನಮ್ಮ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಬೈಕನೂರಿನಿಂದ ಮೇಲೇರಿತು. ಇಂಥ ಉಪಗ್ರಹಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ದಾಖಲಿಸುತ್ತವೆ. ನೀರು ಆ ಬೆಳಕನ್ನು ಹೀರಿಕೊಳ್ಳುವುದರಿಂದ ಚಿತ್ರದಲ್ಲಿ ಕಪ್ಪಾಗುತ್ತದೆ. ಹಸಿರು ಎಲೆ ಅದನ್ನು ಹಿಂದಕ್ಕೆ ಕಳಿಸುವುದರಿಂದ, ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟ ಚಿತ್ರದಲ್ಲಿ ಕೆಂಪಾಗಿ ಮೂಡುತ್ತದೆ.

ಆದರೆ ಮೊದಲ ಲ್ಯಾಂಡ್‌ಸ್ಯಾಟ್ ಚಿತ್ರಗಳ ಒಂದೊಂದು ಚೌಕವೂ ಸುಮಾರು 80 ಮೀಟರ್ ಅಗಲ. ವೃಷಭಾವತಿಯಂಥ ಕಿರುಹೊಳೆ ಅದರಲ್ಲಿ ಕರಗಿಹೋಗುತ್ತದೆ. ಅರ್ಕಾವತಿ ಏಕೆ ಒಣಗಿತೆಂದು ಹುಡುಕಿದ ಸಂಶೋಧಕರಾದ ಗೋಪಾಲ್ ಪೆನ್ನಿ, ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತವರ ಸಂಗಡಿಗರು ಹೊಳೆಯನ್ನು ಬಿಟ್ಟು ಕೆರೆಗಳನ್ನು ಓದಿದರು. 1973ರಿಂದ 2010ರವರೆಗಿನ ಚಿತ್ರಗಳಲ್ಲಿ ಸುಮಾರು 1,700 ಕೆರೆಗಳ ನೀರಿನ ಹರವನ್ನು ಅಳೆದರು. ಒಂದು ಚೌಕದೊಳಗೆ ನೀರೆಷ್ಟು, ನೆಲವೆಷ್ಟು ಎಂದು ಬೇರ್ಪಡಿಸುವ ಲೆಕ್ಕವನ್ನೂ ಹಾಕಿದರು. ನಮ್ಮ ಕೆರೆಗಳ ಬಗ್ಗೆ ನಡೆದ ಬಲು ತಾಳ್ಮೆಯ ಕೆಲಸಗಳಲ್ಲಿ ಇದೂ ಒಂದು.

2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮಳೆ ಕಡಿಮೆಯಾದದ್ದೇ ಕಾರಣವೆಂಬ ಹಳೆಯ ಆರೋಪಕ್ಕೆ ಬಲ ಸಿಗಲಿಲ್ಲ. ವರ್ಷದಿಂದ ವರ್ಷಕ್ಕೆ ಕೆರೆಯ ಹರವು ಏರಿಳಿಯುವುದಕ್ಕೆ ಮಳೆ ದೊಡ್ಡ ಕಾರಣ, ನಿಜ. ಆದರೆ ಇಷ್ಟು ವರ್ಷಗಳಲ್ಲಿ ಮಳೆ ಕುಗ್ಗುತ್ತ ಬಂದಿದೆ ಎನ್ನಲು ಲೆಕ್ಕದಲ್ಲಿ ಆಧಾರವಿರಲಿಲ್ಲ. ಆದರೂ ಜಲಾನಯನದ ಬಡಗಣ ಭಾಗದ ಕೆರೆಗಳು ಬತ್ತುತ್ತ ಬಂದಿದ್ದವು. ಕೊಳವೆಬಾವಿ ನಂಬಿದ ಬೇಸಾಯ ಎಲ್ಲಿ ಹೆಚ್ಚಿತ್ತೋ ಅಲ್ಲಿಯೇ ಈ ಒಣಗುವಿಕೆ ಎದ್ದು ಕಂಡಿತು. ಬೆಂಗಳೂರಿನ ಕೆಳಭಾಗದಲ್ಲಿ ಮಾತ್ರ ಕೆರೆನೀರಿನ ಹರವು ಹಿಗ್ಗಿತ್ತು!

ಈ ಹೆಚ್ಚಳ ನಗರದ ಕೊಳಚೆಯಿಂದಲೇ ಬಂದಿರಬೇಕೆಂದು ಸಂಶೋಧಕರು ಊಹಿಸಿದರು. ಕೆಂಗೇರಿಯ ಸೇತುವೆ ಮೇಲೆ ನಿಂತವರಿಗೆ ಇದು ಹೊಸ ಸುದ್ದಿಯಲ್ಲ. ದೂರದ ಕಾವೇರಿಯಿಂದ ಪಂಪಿನಲ್ಲಿ ಏರಿ ಬಂದ ನೀರು ಬಚ್ಚಲು, ಶೌಚಾಲಯ, ಕಾರ್ಖಾನೆಗಳಲ್ಲಿ ಬಳಕೆಯಾಗಿ ಇದೇ ಕಣಿವೆಗೆ ಇಳಿಯುತ್ತದೆ. ಬೇಸಿಗೆಯಲ್ಲೂ ಹೊಳೆ ನಿಲ್ಲದಿರುವುದಕ್ಕೆ ಅದೇ ಕಾರಣ. ಉಪಗ್ರಹದ ಚಿತ್ರ ಅಳೆದದ್ದು ನೀರಿನ ಹರವನ್ನು. ಅದರ ನೊರೆ, ನಾತ, ಅದರಲ್ಲಿ ಕರಗಿದ ಲೋಹ ಆ ಲೆಕ್ಕಕ್ಕೆ ಬಂದಿಲ್ಲ. ಕೆರೆಯ ತುಂಬ ಜಲಕಳೆ ಹಬ್ಬಿದರಂತೂ ಚಿತ್ರದಲ್ಲಿ ಅದು ಫಸಲಿನ ಹಾಗೆ ಕೆಂಪಗೆ ಕಾಣುತ್ತದೆ.

ಬೈರಮಂಗಲದ ಕೆರೆಯನ್ನು 1940ರ ದಶಕದಲ್ಲಿ ಕಟ್ಟಿದ್ದು ನೀರಾವರಿಗೆ. ಅದರ ಕೆಳಗಿನ ರೈತರು ಕ್ರಮೇಣ ಭತ್ತ ಬಿಟ್ಟು ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆಗೆ ತಿರುಗಿದ್ದಾರೆ. ಹೊಳೆ ಹೇಗೆ ಕೆಟ್ಟಿತೆಂಬುದರ ಇನ್ನೊಂದು ದಾಖಲೆ ಇವರ ಗದ್ದೆಗಳಲ್ಲಿದೆ. 1973ರ ಚಿತ್ರದ ಪಕ್ಕದಲ್ಲಿ ಇವರ ನೆನಪುಗಳನ್ನೂ ಇಟ್ಟು ಬರೆದ ವೃಷಭಾವತಿಯ ಚರಿತ್ರೆ ಕೆಂಗೇರಿಯ ಶಾಲೆಗಳಿಗೆ ಇವತ್ತೇ ಬೇಕು.